ಯಾರ ಮದುವೆ?

ಆಂಧ್ರದ ಅನಂತಪುರ ಜಿಲ್ಲೆಯ ನಮ್ಮ ಕಲ್ಯಾಣದುರ್ಗದಲ್ಲಿ ಕುಣಿಯೋದಕ್ಕೆ ಯಾರ ಅಡ್ಡಿಯೂ ಇಲ್ಲ. ಮದುವೆ ಮೆರವಣಿಗೆಯಲ್ಲಿ ಕುಣಿಯಬಹುದು. ಗಣೇಶನ ಟ್ರ್ಯಾಕ್ಟರಿನ ಮುಂದೆ ಕುಣಿಯಬಹುದು. ಮೊಹರಂನ ಪೀರ್ಲ ಹಬ್ಬಕ್ಕೆ ಅಲಾಯಿ ಗುಂಡಿ ಸುತ್ತ ಕುಣಿಯಬಹುದು. ಎಲೆಕ್ಷನ್ ಗೆದ್ದರೆ ನಡುರಸ್ತೆಯಲ್ಲಿ, ಹೀರೋ ಸಿನಿಮಾ ಬಂದರೆ ಥಿಯೇಟರಿನ ಪರದೆ ಮುಂದೆ. ಹೆಣದ ಮುಂದೆ ಕೂಡ ಕುಣಿಯಬಹುದು. ತಮಟೆಯವರಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಸಾಕು.

ಕಾರಣವಿಲ್ಲದೆ, ಯಾರ ಪರವಾಗಿಯೂ ಅಲ್ಲದೆ, ಒಬ್ಬನೇ ಹೋಗಿ ಕುಣಿದು ಬರುತ್ತೇನೆ ಅನ್ನಿ. ಆಗ ನೋಡಬೇಕು ಊರಿನ ಮುಖ.

ನಾನು ಹಾಗೆ ಹೋಗುವವನು. ರಾಯದುರ್ಗ–ತುಮಕೂರು ರೈಲು ಬರುತ್ತೆ ಬರುತ್ತೆ ಅಂತ ಕಾಯುತ್ತಾ ನಮ್ಮ ತಲೆಗೂದಲು ಬೆಳ್ಳಗಾಗಿದೆ. ಹಾಗಾಗಿ ಬಸ್ಸೇ ಗತಿ. ಪಾವಗಡ ದಾಟಿ ಬೆಂಗಳೂರು. ಅಲ್ಲಿ ಎಲ್ಲೋ ಒಂದು ಕಡೆ ಟೆಕ್ನೋ ಹಾಕುತ್ತಾರೆ. ಹಾಡಿಲ್ಲ, ಹೀರೋ ಇಲ್ಲ, ಡೈಲಾಗ್ ಇಲ್ಲ. ನಿಮಿಷಕ್ಕೆ 130, 140 ಏಟಿನ ಬಡಿತ, ಗಂಟೆಗಟ್ಟಲೆ. ನನಗೆ ನಲವತ್ತು ದಾಟಿದೆ. ಮಂಡಿ ಇನ್ನೂ ತಕರಾರು ಎತ್ತಿಲ್ಲ. ಎತ್ತಿರುವುದು ನೆಂಟರು.

"ಬೆಂಗಳೂರಲ್ಲಿ ಏನು ಕೆಲಸ ಇತ್ತಪ್ಪಾ?" ಸೋದರತ್ತೆ ಕೇಳಿದರು.

"ಕುಣಿಯೋಕೆ ಹೋಗಿದ್ದೆ ಅತ್ತೆ."

"ಯಾರ ಮದುವೆ?"

"ಯಾರದೂ ಅಲ್ಲ."

"ಮತ್ತೆ ಯಾಕೆ ಕುಣಿದೆ?"

ನಾನು ಸುಮ್ಮನಿದ್ದೆ. ಅತ್ತೆ ನನ್ನ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಅನಂತಪುರದಲ್ಲಿ ಒಳ್ಳೆ ಡಾಕ್ಟರಿದಾರಂತೆ ಕಣಮ್ಮಾ. ಒಂದ್ಸಲ ತೋರಿಸಬಾರದಾ?"

ಇದೇ ಅತ್ತೆಯ ಮಗ ನೆಚ್ಚಿನ ಹೀರೋನ ಕಟೌಟಿಗೆ ಹಾಲಿನ ಅಭಿಷೇಕ ಮಾಡುತ್ತಾನೆ. ಬೆಳಗಿನ ಜಾವದ ಶೋಗೆ ಅಂಗಿ ಹರಿದುಕೊಂಡು ಕುಣಿಯುತ್ತಾನೆ. ಅವನಿಗೆ ಡಾಕ್ಟರ್ ಬೇಡ. ಅವನದು ಅಭಿಮಾನ, ನನ್ನದು ಕಾಯಿಲೆ.

ಅಭಿಮಾನದ ಮಾತು ಬಂತಲ್ಲ, ಪಕ್ಕದ ಹಿಂದೂಪುರಕ್ಕೆ ಬನ್ನಿ. ಅಲ್ಲಿನ ಶಾಸಕರು ನಂದಮೂರಿ ಬಾಲಕೃಷ್ಣ. 2014, 2019, 2024, ಸತತ ಮೂರು ಗೆಲುವು. ಹಿಂದೆ ಅವರ ತಂದೆ ಎನ್.ಟಿ. ರಾಮರಾವ್ ಅವರನ್ನು ಗೆಲ್ಲಿಸಿದ ಕ್ಷೇತ್ರವೂ ಅದೇ. 2025ರ ಸಂಕ್ರಾಂತಿಗೆ ಶಾಸಕರ 'ಡಾಕು ಮಹಾರಾಜ್' ಬಂತು. ಅದರಲ್ಲಿ 'ದಬಿಡಿ ದಿಬಿಡಿ' ಎಂಬ ಹಾಡು. ತಮಗಿಂತ ಮೂವತ್ತು ವರ್ಷಕ್ಕೂ ಚಿಕ್ಕ ನಟಿಯ ಜೊತೆ ಅವರು ಹಾಕಿದ ಸ್ಟೆಪ್ಪುಗಳನ್ನು ನೋಡಿ ಊರೂರು ಬೈಯಿತು. ಬೈದು ಇನ್ನೊಂದು ಸಲ ನೋಡಿತು. ತಿರುಪತಿಯಲ್ಲಿ ಅಭಿಮಾನಿಗಳು ಥಿಯೇಟರಿನ ಮುಂದೆ ಮೇಕೆ ಕಡಿದು ಪೊಲೀಸರ ಕೈಗೆ ಸಿಕ್ಕಿಬಿದ್ದರು. ಅದೇ ತಿಂಗಳು ಶಾಸಕರಿಗೆ ಪದ್ಮಭೂಷಣ ಪ್ರಕಟವಾಯಿತು.

ನನಗೆ ಹೊಟ್ಟೆಕಿಚ್ಚಿಲ್ಲ. ಅರವತ್ತು ದಾಟಿದವರು ಕುಣಿಯಲಿ, ಎಂಬತ್ತಾದರೂ ಕುಣಿಯಲಿ. ನನ್ನ ಸಿಟ್ಟು ಆ ಸ್ಟೆಪ್ಪಿಗೆ ಸೀಟಿ ಹೊಡೆದು, ಹೊರಗೆ ಬಂದು ನನ್ನನ್ನು ಕಂಡು "ಈ ವಯಸ್ಸಲ್ಲಿ ಇದೆಲ್ಲಾ ಬೇಕಾ ಅಣ್ಣಾ?" ಅನ್ನುವವರ ಮೇಲೆ. ಅವರ ಪ್ರಕಾರ ಅರವತ್ನಾಲ್ಕು ಕುಣಿಯುವ ವಯಸ್ಸು. ನಲವತ್ತು ಮೊಮ್ಮಕ್ಕಳನ್ನು ಆಡಿಸುವ ವಯಸ್ಸು.

ಇನ್ನು ನಮ್ಮ ಜಾತ್ರೆಗಳು. ರಾತ್ರಿ ರಿಕಾರ್ಡಿಂಗ್ ಡ್ಯಾನ್ಸ್. ಯಾವುದೋ ಊರಿನಿಂದ ವ್ಯಾನಿನಲ್ಲಿ ಬಂದ ಹೆಣ್ಣುಮಕ್ಕಳು ಸಿನಿಮಾ ಹಾಡಿಗೆ ಕುಣಿಯುತ್ತಾರೆ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಊರಿನ ಹಿರಿಯರು. ಹೆಗಲ ಮೇಲೆ ಟವೆಲ್ಲು, ಜೇಬಿನಲ್ಲಿ ಹತ್ತರ ನೋಟಿನ ಕಟ್ಟು. ರಾತ್ರಿ ಒಂದೂವರೆಗೆ ಅವರು ನೋಟು ಎಸೆಯುವ ವರಸೆ ನೋಡಬೇಕು. ಬೆಳಗ್ಗೆ ಎಂಟಕ್ಕೆ ಅದೇ ಹಿರಿಯರು ಟೀ ಅಂಗಡಿಯಲ್ಲಿ. "ಬೆಂಗಳೂರಲ್ಲಿ ಹುಡುಗ ಹುಡುಗೀರು ರಾತ್ರಿಯೆಲ್ಲಾ ಕುಣೀತಾರಂತೆ. ಕಾಲ ಕೆಟ್ಟೋಯ್ತು." ಕಣ್ಣು ಕೆಂಪಗಿದೆ. ನಿದ್ದೆ ಇಲ್ಲ ಪಾಪ.

ಕುಡಿತದ ವಿಷಯ ತೆಗೆದರೆ ಇನ್ನೂ ಚೆಂದ. 2019ರಿಂದ ಐದು ವರ್ಷ ಆಂಧ್ರದಲ್ಲಿ ಮದ್ಯವೆಲ್ಲ ಸರ್ಕಾರಿ ಅಂಗಡಿಗಳಲ್ಲೇ. ಆಗ ಗಡಿಯಾಚೆಯ ಕರ್ನಾಟಕದಿಂದ ಟೆಟ್ರಾ ಪ್ಯಾಕ್ ತರುವುದು ಈ ಕಡೆ ಒಂದು ಗೃಹ ಕೈಗಾರಿಕೆ. 2024ರ ಅಕ್ಟೋಬರಿನಲ್ಲಿ ಹೊಸ ನೀತಿ ಬಂತು. ಕ್ವಾರ್ಟರ್ 99 ರೂಪಾಯಿ. ಬಡವರ ಮೇಲೆ ಕನಿಕರ ಅಂದರೆ ಇದು. ಕುಡಿಯುವವನಿಗೆ ರಿಯಾಯಿತಿ. ಕುಣಿಯುವವನಿಗೆ ಲೈಸೆನ್ಸು.

ಲೈಸೆನ್ಸು ಅಂದದ್ದು ತಮಾಷೆಗಲ್ಲ. ಬೆಂಗಳೂರು ಪೊಲೀಸರು 2005ರಲ್ಲಿ ಸಾರ್ವಜನಿಕ ಮನರಂಜನೆಗೆ ಪರವಾನಗಿ ಕೊಡುವ, ಅದನ್ನು ಹದ್ದುಬಸ್ತಿನಲ್ಲಿಡುವ ಆದೇಶವೊಂದನ್ನು ಹೊರಡಿಸಿದರು. ಗುರಿ ಇದ್ದದ್ದು ಲೈವ್ ಬ್ಯಾಂಡು, ಕ್ಯಾಬರೆಗಳ ಮೇಲೆ. ಏಟು ಬಿದ್ದದ್ದು ಕುಣಿಯುವ ಎಲ್ಲರ ಮೇಲೆ. 2008ರ ಹೊತ್ತಿಗೆ ಪಬ್ಬುಗಳಲ್ಲಿ 'ಇಲ್ಲಿ ಕುಣಿಯುವಂತಿಲ್ಲ' ಎಂಬ ಬೋರ್ಡು ಬಂತು. ಜಗತ್ತಿಗೆಲ್ಲ ಸಾಫ್ಟ್‌ವೇರ್ ಬರೆದುಕೊಡುವ ಊರಿನಲ್ಲಿ ಬಿಯರ್ ಹಿಡಿದು ಕೂತಲ್ಲೇ ತಲೆ ಅಲ್ಲಾಡಿಸಬೇಕು, ಸೊಂಟ ಅಲ್ಲಾಡಿಸಬಾರದು. ಹೋಟೆಲ್ ಮಾಲೀಕರು ಕೋರ್ಟಿಗೆ ಹೋದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನೇ ಎತ್ತಿಹಿಡಿಯಿತು.

ಈಗ ಮೆರವಣಿಗೆಯ ಡಿಜೆ ನೋಡಿ. ಬೊಲೆರೊ ಮೇಲೆ ಆಳೆತ್ತರದ ಬಾಕ್ಸುಗಳು, ಹಿಂದೆ ಜನರೇಟರ್. ಅದು ನಮ್ಮ ಬೀದಿಗೆ ಬಂದರೆ ಅಡುಗೆಮನೆ ಗೂಡಿನ ಸ್ಟೀಲ್ ಲೋಟಗಳು ಒಂದೊಂದಾಗಿ ಅಂಚಿಗೆ ಸರಿಯುತ್ತವೆ. ಕಾನೂನಿನ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬಲ್ ಮೀರುವಂತಿಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮೈಕು ಹಾಕುವಂತಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುವುದು ಇದನ್ನೇ. ಅದರಲ್ಲೇ ಒಂದು ಕಿಂಡಿಯೂ ಇದೆ. ಹಬ್ಬ, ಧಾರ್ಮಿಕ ಕಾರ್ಯಕ್ರಮ ಅಂದರೆ ವರ್ಷಕ್ಕೆ 15 ದಿನ ಮಧ್ಯರಾತ್ರಿಯವರೆಗೆ ಸರ್ಕಾರ ಸಡಿಲಿಸಬಹುದು. ಕಿಂಡಿಯಲ್ಲಿ ಆನೆ ನುಗ್ಗುತ್ತಿದೆ. ಪ್ರತಿ ವರ್ಷ ಡಿಜೆ ನಿಷೇಧದ ಪ್ರಕಟಣೆ ಬರುತ್ತದೆ. ಪ್ರತಿ ವರ್ಷ ಡಿಜೆಯೂ ಬರುತ್ತದೆ. ಮುಂದೆ ಪೊಲೀಸ್ ಜೀಪು ದಾರಿ ಬಿಡಿಸುತ್ತದೆ.

ನಾಲ್ಕು ಗೋಡೆಯ ನಡುವೆ, ಹೊರಗೆ ಸದ್ದು ಬಾರದ ಹಾಗೆ ಸ್ಪಂಜು ಬಡಿದ ಕೋಣೆಯಲ್ಲಿ ಕುಣಿದರೆ ಮಾತ್ರ ಸಮಾಜ ಹಾಳಾಗುತ್ತದೆ.

ಆ ಕೋಣೆಯವರೇನು ಸಾಚಾಗಳಲ್ಲ. ಅವರ ಬಾಗಿಲಿಗೂ ಒಮ್ಮೆ ಹೋಗೋಣ.

ಜಾಗ ಎಲ್ಲಿ ಅಂತ ಮೊದಲೇ ಹೇಳುವುದಿಲ್ಲ. ಟಿಕೆಟ್ ತಗೊಂಡವರಿಗೆ ಸಂಜೆ ವಾಟ್ಸಾಪಿನಲ್ಲಿ ಬರುತ್ತದೆ. ಭಾರೀ ಗುಟ್ಟು. ಗುಟ್ಟಿನ ಪೋಸ್ಟರಿನ ಕೆಳಗೆ ಬಿಯರ್ ಕಂಪನಿಯ ಲಾಂಛನ. ಇಲ್ಲಿ ಜಾತಿ ಇಲ್ಲ, ಭೇದ ಇಲ್ಲ, ಎಲ್ಲರೂ ಒಂದೇ ಅಂತ ಅದೇ ಪೋಸ್ಟರಿನಲ್ಲಿ ಬರೆದಿರುತ್ತಾರೆ. ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರ: ಸ್ಟ್ಯಾಗ್ ಎಂಟ್ರಿ ಇಲ್ಲ. ಒಂಟಿ ಗಂಡಸರಿಗೆ ಪ್ರವೇಶವಿಲ್ಲ ಅಂತ. ಎಲ್ಲರೂ ಒಂದೇ, ಆದರೆ ಎರಡಾಗಿ ಬರಬೇಕು.

ಬೌನ್ಸರ್ ನನ್ನ ಆಧಾರ್ ಕಾರ್ಡು ಹಿಡಿದು ಟಾರ್ಚ್ ಬಿಟ್ಟ.

"ಆಂಧ್ರಾನಾ?"

"ಹೌದು."

"ಕನ್ನಡ ಮಾತಾಡ್ತೀರ?"

"ಕನ್ನಡದವನೇ."

ಅವನಿಗೆ ಲೆಕ್ಕ ತಾಳೆಯಾಗಲಿಲ್ಲ. ಅವನ ತಪ್ಪಲ್ಲ ಬಿಡಿ. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆಯನ್ನು ಕಡಿದು ತೆಗೆದಾಗಿನಿಂದ ನಮ್ಮ ಲೆಕ್ಕ ಯಾರಿಗೂ ತಾಳೆಯಾಗಿಲ್ಲ. ಬೆಂಗಳೂರಿನಲ್ಲಿ ನಾವು ಆಂಧ್ರದವರು, ಅನಂತಪುರದಲ್ಲಿ ಕನ್ನಡದವರು.

"ಜೊತೆಗೆ ಯಾರು?"

"ಯಾರೂ ಇಲ್ಲ."

"ಕಪಲ್ ಇಲ್ವಾ? ಲೇಡೀಸ್ ಇಲ್ವಾ? ಗ್ರೂಪ್?"

ಟಿಕೆಟ್ ಇದೆ, ದುಡ್ಡು ಕೊಟ್ಟಿದ್ದೇನೆ, ಕುಡಿದಿಲ್ಲ, ಕಾಲಿಗೆ ಶೂ ಇದೆ. ಆದರೂ ನನ್ನ ನಡತೆಗೆ ಜಾಮೀನು ಕೊಡುವ ಒಬ್ಬ ಹೆಂಗಸು ಬೇಕು. ನನ್ನ ಹಿಂದೆ ತೂರಾಡುತ್ತಿದ್ದ ಆರು ಹುಡುಗರ ಜೊತೆ ಇಬ್ಬರು ಹುಡುಗಿಯರಿದ್ದರು. ಗುಂಪು ಸಲೀಸಾಗಿ ಒಳಗೆ ಹೋಯಿತು. ಒಂಟಿ ಹೆಂಗಸರಿಗಾದರೆ ಪ್ರವೇಶ ಉಚಿತ. ಮರ್ಯಾದೆಗಲ್ಲ, ಗಾಳಕ್ಕೆ. ಅವರನ್ನು ಕಂಡು ಗಂಡಸರು ಬಂದು ಬಾಟಲಿ ಕೊಳ್ಳಲಿ ಅಂತ. ಒಂಟಿ ಗಂಡಸರಿಂದ ಕಿರುಕುಳವಾಗುತ್ತದೆ ಅನ್ನುತ್ತಾರೆ. ಆಗುತ್ತದೆ, ನಾನೇ ನೋಡಿದ್ದೇನೆ. ಕಿರುಕುಳ ಕೊಟ್ಟವನನ್ನು ಕತ್ತು ಹಿಡಿದು ಹೊರಗೆ ಹಾಕಿ. ಅದಕ್ಕೆ ತಾನೇ ಆ ತೋಳುಗಳಿಗೆ ಸಂಬಳ?

ಹೊರಗೆ ನಿಲ್ಲಿಸಿಕೊಂಡ ದಿನಗಳೂ ಉಂಟು. ಅಂಥ ರಾತ್ರಿ ಮೆಜೆಸ್ಟಿಕ್ಕಿನ ಲಾಡ್ಜಿಗೆ ಹೋದರೆ ಕೌಂಟರಿನವನು ಸಂತೋಷದಿಂದ ಎದ್ದು ನಿಲ್ಲುತ್ತಾನೆ. "ಒಬ್ರೇನಾ ಸಾರ್? ಬನ್ನಿ ಬನ್ನಿ." ಜೋಡಿ ಬಂದರೆ ಮದುವೆ ಸರ್ಟಿಫಿಕೇಟ್ ಕೇಳುವವನೂ ಇವನೇ. ಕುಣಿಯುವ ಕಡೆ ಒಂಟಿಯಾದರೆ ಅನುಮಾನ. ಮಲಗುವ ಕಡೆ ಜೋಡಿಯಾದರೆ ಅನುಮಾನ. ಈ ನಗರದಲ್ಲಿ ಸಭ್ಯನಾಗಿ ಬಾಳಬೇಕೆಂದರೆ ಬಾಡಿಗೆಗೆ ಒಬ್ಬರನ್ನು ಹಿಡಿದು, ಬಾಗಿಲು ನೋಡಿಕೊಂಡು ಸೇರಿಸಿಕೊಳ್ಳಬೇಕು, ಬಿಡಬೇಕು.

ಒಳಗೆ ಬಿಟ್ಟ ದಿನ ಏನಾಗುತ್ತದೆ ಅಂತ ಕೇಳುತ್ತೀರಿ. ಏನೂ ಆಗುವುದಿಲ್ಲ. ನಿಮಗೆ ಬೇಜಾರಾಗುವಷ್ಟು ಏನೂ ಆಗುವುದಿಲ್ಲ. ಸ್ಪೀಕರಿಗೆ ನಾಲ್ಕು ಮೊಳ ದೂರ, ಬಲಗಡೆ ಗೋಡೆ ಪಕ್ಕ ನನಗೆ ಹಿಡಿಸುವ ಜಾಗ. ಬೇಸ್ ಅಲ್ಲಿ ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯುತ್ತದೆ. ಮೊದಲ ಅರ್ಧ ಗಂಟೆ ಕೈ ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ. ಆಮೇಲೆ ಕೈ ಇದೆ ಅನ್ನುವುದೇ ಮರೆತುಹೋಗುತ್ತದೆ. ಯಾರೂ ಯಾವೂರು ಅನ್ನುವುದಿಲ್ಲ, ಯಾರ ಕಡೆಯವನು ಅನ್ನುವುದಿಲ್ಲ. ಒಬ್ಬ ಹುಡುಗ ನೀರಿನ ಬಾಟಲಿ ಚಾಚಿದ. ಕುಡಿದು ವಾಪಸ್ ಕೊಟ್ಟೆ. ನಮ್ಮಿಬ್ಬರ ಪರಿಚಯ ಅಲ್ಲಿಗೆ ಮುಗಿಯಿತು. ನಮ್ಮೂರಿನಲ್ಲಾಗಿದ್ದರೆ ಅಷ್ಟರಲ್ಲಿ ಅವನಿಗೆ ನನ್ನ ಗೋತ್ರ, ಜಮೀನು, ಬೋರ್‌ವೆಲ್ಲಿನ ಆಳ ಮೂರೂ ತಿಳಿದಿರುತ್ತಿತ್ತು.

ಅಲ್ಲಿಯೂ ನಗು ಬರುತ್ತದೆ, ಅದು ಬೇರೆ ಮಾತು. ತಾವು ಯಾರಂತೆಯೂ ಇಲ್ಲ ಅಂತ ತೋರಿಸಲು ಬಂದ ಇನ್ನೂರು ಜನ, ಎಲ್ಲರೂ ಕಪ್ಪು ಟೀ-ಶರ್ಟು. ಈ ಕ್ಷಣದಲ್ಲಿ ಬದುಕಬೇಕು ಅಂತ ಉಪದೇಶ ಮಾಡಿದವನೇ ಆ ಕ್ಷಣವನ್ನು ಫೋನಿನಲ್ಲಿ ಹಿಡಿಯುತ್ತಿರುತ್ತಾನೆ. ಒಂದು ಗಂಟೆಗೆ ಲೈಟ್ ಹತ್ತುತ್ತದೆ. ಕ್ರಾಂತಿಕಾರಿಗಳೆಲ್ಲ ಊಬರ್ ಹುಡುಕುತ್ತಾರೆ.

ಊರಿಗೆ ಬಂದರೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ. "ರೇವ್ ಪಾರ್ಟಿನಾ ಅಣ್ಣಾ?" ಕೇಳುವವನ ಕಣ್ಣಲ್ಲಿ ಅರ್ಧ ಭಯ, ಅರ್ಧ ಆಸೆ.

ಈ ಮಾತನ್ನು ಊರೂರಿಗೆ ಹಂಚಿದ್ದು ಟಿವಿ. 2024ರ ಮೇ 19ರ ರಾತ್ರಿ ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ತೋಟದಮನೆಯಲ್ಲಿ ಒಂದು ಹುಟ್ಟುಹಬ್ಬದ ಪಾರ್ಟಿ. ಸಿಸಿಬಿ ದಾಳಿ ಮಾಡಿತು, ಮಾದಕ ವಸ್ತು ಸಿಕ್ಕಿತು. ನೂರಕ್ಕೂ ಹೆಚ್ಚು ಜನರ ರಕ್ತ ತೆಗೆದರು, 86 ಮಂದಿಯ ವರದಿ ಪಾಸಿಟಿವ್ ಬಂತು. ಆಂಧ್ರದ ಶಾಸಕರೊಬ್ಬರ ಹೆಸರಿನ ಪಾಸಿದ್ದ ಕಾರೂ ಅಲ್ಲಿ ಸಿಕ್ಕಿತು. ಕಾರಿಗೂ ನನಗೂ ಸಂಬಂಧವಿಲ್ಲ ಅಂದರು ಅವರು. ನಮ್ಮ ಕಡೆ ಪಾಸುಗಳು ತಾವಾಗಿಯೇ ಗಾಜಿಗೆ ಅಂಟಿಕೊಳ್ಳುತ್ತವೆ.

ಮಾದಕ ವಸ್ತು ಹಿಡಿದರೆ ಹಿಡಿಯಲಿ. ಅದಕ್ಕೆ 1985ರ ಕಾಯ್ದೆ ಇದೆ. ಆದರೆ ಆ ಕಾಯ್ದೆಯಲ್ಲಿ ಎಲ್ಲಿ ಹುಡುಕಿದರೂ ರೇವ್ ಅನ್ನುವುದು ಸಿಗುವುದಿಲ್ಲ. ಅಪರಾಧ ಇರುವುದು ಪುಡಿಯಲ್ಲಿ, ಮಾತ್ರೆಯಲ್ಲಿ. ಟಿವಿಗೆ ಅದು ಕಂಡದ್ದು ಲೈಟಿನಲ್ಲಿ, ಬೀಟಿನಲ್ಲಿ, ಹುಡುಗಿಯ ತುಂಡು ಅಂಗಿಯಲ್ಲಿ. ವಾರವೆಲ್ಲ ಹಿನ್ನೆಲೆಗೆ ಅದೇ ಬೀಟು ಹಾಕಿಕೊಂಡು, ಅದೇ ಲೈಟು ತೋರಿಸಿಕೊಂಡು ಸಂಸ್ಕೃತಿಯನ್ನು ಕಾಪಾಡಿದರು. ಸರಿಯಾಗಿ ನೋಡಿದರೆ ಅಷ್ಟು ದಿನ ಪಾರ್ಟಿ ನಡೆದದ್ದು ಸ್ಟುಡಿಯೋದಲ್ಲಿ. ಅದಕ್ಕೆ ಎರಡು ತಿಂಗಳ ಮುಂಚೆ, 2024ರ ಮಾರ್ಚಿನಲ್ಲಿ, ಜರ್ಮನಿಯವರು ಬರ್ಲಿನ್ನಿನ ಟೆಕ್ನೋವನ್ನು ತಮ್ಮ ದೇಶದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದ್ದರು. ಆ ಸುದ್ದಿಗೆ ನಮ್ಮಲ್ಲಿ ಯಾರೂ ಬ್ರೇಕಿಂಗ್ ಅಂತ ಬರೆದ ನೆನಪಿಲ್ಲ.

ನಾನು ಗಂಡಸು. ನನಗೆ ಅನಂತಪುರದ ಡಾಕ್ಟರಲ್ಲಿಗೆ ಮುಗಿಯುತ್ತದೆ. ನನ್ನ ಜಾಗದಲ್ಲಿ ಹೆಣ್ಣೊಬ್ಬಳು "ಒಬ್ಬಳೇ ಕುಣಿಯೋಕೆ ಹೋಗ್ತೀನಿ" ಅಂದಿದ್ದರೆ? 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ಶ್ರೀರಾಮ ಸೇನೆಯವರು ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದರು. ಕ್ಯಾಮೆರಾ ಕಣ್ಣೆದುರೇ ಹೊಡೆದರು. ದೇಶವೆಲ್ಲ ಕೂತು ನೋಡಿತು. 2018ರಲ್ಲಿ ಆರೋಪಿಗಳ ಖುಲಾಸೆಯಾಯಿತು, ಸಾಕ್ಷ್ಯ ಸಾಲದು ಅಂತ. ಸಾಕ್ಷಿಗಳು ಇಲ್ಲದೆ ಏನು, ಟಿವಿ ಇದ್ದ ಮನೆಯವರೆಲ್ಲ ಇದ್ದರು.

"ಇದು ನಮ್ಮ ಸಂಸ್ಕೃತಿ ಅಲ್ಲ" ಅನ್ನುವವರನ್ನು ಎಳೆದು ಕೂರಿಸಿ ಒಂದು ಕಥೆ ಹೇಳಬೇಕು. 1982ರಲ್ಲಿ ಬಾಂಬೆಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಮೂರು ಎಲೆಕ್ಟ್ರಾನಿಕ್ ಯಂತ್ರ ಇಟ್ಟುಕೊಂಡು ಲಲಿತ, ಯಮನ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂರಿಸಿದರು. ಯಾರೂ ಕೊಳ್ಳಲಿಲ್ಲ. ಅದೇ ಜಾತಿಯ ಯಂತ್ರಗಳಿಂದ ಆಮೇಲೆ ಷಿಕಾಗೋದ ಹುಡುಗರು ಹೊರಡಿಸಿದ ನಾದಕ್ಕೆ ಜಗತ್ತು ಆ್ಯಸಿಡ್ ಹೌಸ್ ಅಂತ ಹೆಸರಿಟ್ಟು ಕುಣಿಯಿತು. ಸಿಂಗರ ರೆಕಾರ್ಡನ್ನು 2010ರಲ್ಲಿ ಹೊರದೇಶದವರು ಮತ್ತೆ ಅಚ್ಚು ಹಾಕಿದ ಮೇಲೆ ನಮಗೆ ಹೆಮ್ಮೆ ಉಕ್ಕಿತು. ನಮ್ಮದು ನಮ್ಮದು ಅನ್ನಿಸಲು ನಮಗೆ ಯಾವಾಗಲೂ ಆಮದು ಮುದ್ರೆ ಬೇಕು.

ಇಂಗ್ಲೆಂಡಿನವರೂ ಕಮ್ಮಿ ಇಲ್ಲ. ಬಯಲಿನಲ್ಲಿ ಸೇರಿ ಕುಣಿಯುವವರನ್ನು ಮಟ್ಟಹಾಕಲು 1994ರಲ್ಲಿ ಕಾಯ್ದೆ ತಂದರು. ಯಾವ ಸಂಗೀತ ಅಪರಾಧ ಅಂತ ಬರೆಯಬೇಕಲ್ಲ. ಒಂದೇ ಬಡಿತ ಮತ್ತೆ ಮತ್ತೆ ಬರುವುದೇ ಲಕ್ಷಣ ಅಂತ ಬರೆದರು. ಆ ಕಾಯ್ದೆ ನಮ್ಮ ಕಡೆ ಬಂದರೆ ಮೊದಲು ಒಳಗೆ ಹೋಗುವವರು ಉರುಮೆಯವರು. ಆಮೇಲೆ ಡೊಳ್ಳಿನ ಕುರುಬರು. ರಾತ್ರಿಯಿಡೀ ಒಂದೇ ಬಡಿತಕ್ಕೆ ಮೈಮರೆತು ಕುಣಿಯುವುದನ್ನು ನಮ್ಮಜ್ಜ ಕಲಿತದ್ದು ಬರ್ಲಿನ್ನಿನಲ್ಲಲ್ಲ, ಕಂಬದೂರಿನ ಬಯಲಿನಲ್ಲಿ.

ಬೇಡ, ಅಜ್ಜನ ಮಾತು ಬಿಡಿ. ಹಿಂದೂಪುರದಿಂದ 15 ಕಿಲೋಮೀಟರ್ ಹೋಗಿ ಲೇಪಾಕ್ಷಿ ನೋಡಿ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ ಕಟ್ಟಿಸಿದ ವೀರಭದ್ರನ ಗುಡಿ. ಅಲ್ಲಿನ ಶಾಸನಗಳು ಹೆಚ್ಚಿನವು ಕನ್ನಡದಲ್ಲೇ ಇವೆ. ನಾಟ್ಯ ಮಂಟಪದ ಕಂಬಗಳ ಮೇಲೆ ರಂಭೆ ಕುಣಿಯುತ್ತಾಳೆ, ಬ್ರಹ್ಮ ಮದ್ದಳೆ ಬಾರಿಸುತ್ತಾನೆ. ಒಂದು ಕಂಬದಲ್ಲಿ ಭೃಂಗಿ. ಮೂರು ಕಾಲು, ಜೊತೆಗೆ ಯಾರೂ ಇಲ್ಲ. ಮೂರೂ ಕಾಲನ್ನು ತಾಳಕ್ಕೆ ಹಾಕಿ ತನ್ನಷ್ಟಕ್ಕೆ ತಾನು ಕುಣಿಯುತ್ತಿದ್ದಾನೆ. ಬೆಂಗಳೂರಿಗೆ ಬಂದಿದ್ದರೆ ಬೌನ್ಸರ್ ಹೊರಗೇ ನಿಲ್ಲಿಸುತ್ತಿದ್ದ. ಹಿಂದುಗಡೆ ಕಲ್ಯಾಣ ಮಂಟಪ ಅರ್ಧಕ್ಕೇ ನಿಂತಿದೆ, ಮೇಲೆ ಸೂರಿಲ್ಲ, ಬರೀ ಕಂಬ. ಐನೂರು ವರ್ಷದ ಕೆಳಗೆ ಈ ನೆಲದಲ್ಲಿ ಮದುವೆ ಮಂಟಪ ಮುಗಿಯಲಿಲ್ಲ, ಕುಣಿಯುವ ಮಂಟಪ ಮುಗಿಯಿತು.

ಅತ್ತೆಗೆ ಇದನ್ನು ವಿವರಿಸಿದೆ. "ಅದು ದೇವರದು ಕಣಪ್ಪಾ" ಅಂದರು. ದೇವರಿಗೆ ಯಾರ ಮದುವೆ ಅಂತ ಕೇಳುವ ಅತ್ತೆ ಇಲ್ಲ.

ಮೊನ್ನೆ ಗಣೇಶನ ಕಮಿಟಿಯವರು ರಸೀದಿ ಪುಸ್ತಕ ಹಿಡಿದು ಬಂದರು. ಮುಂದೆ ನಿಂತಿದ್ದವನು ನನಗೆ ವಯಸ್ಸಿನ ಬುದ್ಧಿ ಹೇಳಿದ್ದವನೇ.

"ಅಣ್ಣಾ, 1,116 ಬರೀಲಾ? ಈ ಸಲ ಡಿಜೆ ಬೆಂಗಳೂರಿಂದ ತರಿಸ್ತಿದೀವಿ. ಬೇಸ್ ಹೆಂಗಿರುತ್ತೆ ಗೊತ್ತಾ, ಎದೆಗೆ ಹೊಡೀಬೇಕು!"

"ಡಿಜೆ ನಿಷೇಧ ಅಲ್ವಾ?"

"ಮಾತಾಡಿದೀವಿ."

"ನಾನೂ ಬಂದು ಕುಣೀಬಹುದಾ? ಒಬ್ಬನೇ?"

"ಅಯ್ಯೋ, ಬನ್ನಿ ಅಣ್ಣಾ, ನೀವೇ ಮುಂದೆ ನಿಲ್ಲಬೇಕು. ಟೀ-ಶರ್ಟ್ ಒಂದು ಕಡ್ಡಾಯ."

ತೋರಿಸಿದ. ಕೇಸರಿ ಬಣ್ಣ. ಎದೆಯ ಮೇಲೆ ಅಂಗೈಯಗಲ ಗಣೇಶ. ಬೆನ್ನು ತುಂಬ ಕೈ ಮುಗಿದ ನಾಯಕರು.

"ಎಕ್ಸೆಲ್ ಒಂದೇ ಉಳಿದಿದೆ. ನಾಯಕರು ಪೂರ್ತಿ ಕಾಣಬೇಕಲ್ಲ, ಅದಕ್ಕೆ ದೊಡ್ಡದೇ ಮಾಡಿಸಿದ್ದು."